ಸ್ಥೂಲಕಾಯವು ದೋಷವೇ?

ತೂಬಗೆರೆಯ ಮದುವೆಮನೆಯಾಗಲಿ, ಬೇರೆಲ್ಲಿಯೇ ಆಗಲಿ, ಪಂಕ್ತಿಯಲ್ಲಿ ಸ್ಥೂಲಕಾಯರು ಎರಡನೆಯ ಒಬ್ಬಟ್ಟು ಬಡಿಸಿಕೊಂಡರೆ ಪಕ್ಕದವರು ನಗುವುದುಂಟು. ಕೃಶಕಾಯರು ಮೂರನೆಯದನ್ನು ಬಡಿಸಿಕೊಂಡರೂ ನಗುವವರಿಲ್ಲ. ಇದು ನ್ಯಾಯವೇ?

ಡೆನ್ಮಾರ್ಕಿನ 540 ದತ್ತುಮಕ್ಕಳನ್ನು ಕುರಿತ ಅಧ್ಯಯನವೊಂದು 1986ರಲ್ಲಿ ಪ್ರಕಟವಾಯಿತು. ಪ್ರಾಯಕ್ಕೆ ಬಂದ ಮೇಲೆ ಅವರ ಮೈಕಟ್ಟು ಹೆತ್ತವರನ್ನು ಹೋಲಿತೇ ಹೊರತು ಅನ್ನವಿಕ್ಕಿ ಸಾಕಿದವರನ್ನಲ್ಲ. ಹಸಿವನ್ನು ಹತೋಟಿಯಲ್ಲಿಡುವ ಲೆಪ್ಟಿನ್ ಎಂಬ ರಸದ ಜೀನು 1994ರಲ್ಲಿ ಪತ್ತೆಯಾಯಿತು. ಎಫ್‌ಟಿಒ ಜೀನಿನ ಒಂದು ಭೇದವನ್ನು ತಂದೆತಾಯಿ ಇಬ್ಬರಿಂದಲೂ ಪಡೆದ ಯೂರೋಪಿಯನ್ನರು ಸರಾಸರಿ 3 ಕಿಲೋ ಹೆಚ್ಚು ತೂಗುವರೆಂದು 2007ರಲ್ಲಿ ತಿಳಿದುಬಂದಿತು.

ಹಾಗೆಂದು ಪ್ರಯತ್ನವು ವ್ಯರ್ಥವಲ್ಲ. ಮಿತಾಹಾರವೂ ದುಡಿಮೆಯೂ ಎಲ್ಲರಿಗೂ ಹಿತವೇ. ಆದರೆ ಒಬ್ಬರಿಗೆ ಸಹಜವಾದ ಸಂಯಮವು ಮತ್ತೊಬ್ಬರಿಗೆ ಹೊತ್ತುಹೊತ್ತಿನ ಹೋರಾಟ. ಹುಟ್ಟಿನಿಂದ ಬಂದುದನ್ನು ತನ್ನ ಗುಣವೆಂದು ಬೀಗುವುದೂ, ಪರರ ದೋಷವೆಂದು ಹಳಿಯುವುದೂ ಸಲ್ಲದು. ಪಕ್ಕದೆಲೆಯ ಒಬ್ಬಟ್ಟನ್ನು ನಾವು ಎಣಿಸದಿರೋಣ.