ಸಾಕೆಂಬ ಮಾತು

ಕಾಫಿಯ ಕೊಯಿಲು ಮುಗಿದು ಕಣಗಳಲ್ಲಿ ಹಣ್ಣು ಒಣಗುತ್ತಿದ್ದ ದಿವಸಗಳಲ್ಲಿ ಆಲೂರಿನ ಕಡೆಯ ಒಬ್ಬ ಯೌವನಸ್ಥನು ಸಕಲೇಶಪುರಕ್ಕೆ ನಮ್ಮ ಬಳಿಗೆ ಬಂದು ಒಂದು ಪ್ರಶ್ನೆಯನ್ನು ಕೇಳಿದನು. ಅವನ ತಂದೆತಾಯಿಗಳು ತೋಟದ ಕೂಲಿಯಿಂದ ಜೀವಿಸುವವರು. ಅವನು ಹಾಸನದಲ್ಲಿ ಓದುತ್ತಿದ್ದಾಗ ಬಾಕ್ಸಿಂಗ್ ಎಂಬ ಮುಷ್ಟಿಯುದ್ಧವನ್ನು ಕಲಿತನು. ಬೆಂಗಳೂರಿಗೆ ಹೋದರೆ ಹಣಕ್ಕಾಗಿ ನಡೆಯುವ ಪಂದ್ಯಗಳಲ್ಲಿ ಸೇರಬಹುದೆಂದು ಯಾರೋ ಅವನಿಗೆ ಹೇಳಿದ್ದಾರೆ. ತಂದೆಯು ಸಾಲದ ಭಾರದಿಂದ ಬಾಯಿ ತೆರೆಯಲಿಲ್ಲ. ತಾಯಿಯು ಮಾತ್ರ, “ಇನ್ನೊಬ್ಬ ತಾಯಿಯ ಮಗನ ಮುಖಕ್ಕೆ ಗುದ್ದಿ ತಂದ ಅಕ್ಕಿಯನ್ನು ನಾನು ಬೇಯಿಸಲಾರೆ” ಅಂದಳಂತೆ. “ಅಯ್ಯನವರೇ, ಅವ್ವ ಹೇಳುವದು ಸರಿಯೋ? ಪೆಟ್ಟಿನಿಂದ ಗಳಿಸಿದ ಅನ್ನ ಅನ್ನವಲ್ಲವೋ?” ಎಂದು ಕೇಳಿ ಅವನು ತಲೆ ತಗ್ಗಿಸಿ ನಿಂತನು.

ಆ ದಿವಸ ನಾವು ಅವನಿಗೆ ಉತ್ತರ ಕೊಡಲಿಲ್ಲ. ಸುಲಭವಾದ ಉತ್ತರಗಳು ಎರಡಿದ್ದವು. ಎರಡೂ ನಮ್ಮ ಮನಸ್ಸಿಗೆ ಒಪ್ಪಲಿಲ್ಲ.

ಮೊದಲನೆಯ ಉತ್ತರವೇನಂದರೆ, ಈ ಕಸುಬಿನಿಂದ ದೇಹಕ್ಕೆ ಕೇಡಾಗುತ್ತದೆ, ಆದಕಾರಣ ಅದು ತಪ್ಪು ಎಂಬದು. ಆದರೆ ದೇಹಕ್ಕೆ ಕೇಡು ತಾರದ ಕೂಲಿಯು ನಮ್ಮ ಮಲೆನಾಡಿನಲ್ಲಿ ಎಷ್ಟಿದೆ? ಏಣಿ ಹಾಕಿ ಸಿಲ್ವರ್ ಮರದ ಮೇಲಿನ ಮೆಣಸು ಬಿಡಿಸುವವನು ಕಾಲು ಜಾರಿ ಬೀಳುತ್ತಾನೆ. ಮೂಟೆ ಹೊರುವವನ ಬೆನ್ನು ನಾಲ್ವತ್ತನೆಯ ವರುಷಕ್ಕೆ ಬಾಗುತ್ತದೆ. ಅವರು ಪಾಪಮಾಡಿದರೆಂದು ನಾವು ಯಾರೂ ಹೇಳುವದಿಲ್ಲ. ಎರಡನೆಯ ಉತ್ತರವೇನಂದರೆ, ಇಬ್ಬರೂ ಒಪ್ಪಿ ಅಖಾಡಕ್ಕೆ ಇಳಿಯುತ್ತಾರೆ, ಒಪ್ಪಿದವನಿಗೆ ಅನ್ಯಾಯವಿಲ್ಲ ಎಂಬದು. ಇದೂ ಪೂರ್ತಿಯಾದ ಮಾತಲ್ಲ. ಏಣಿಯಿಂದ ಬಿದ್ದವನು ಬೀಳಬೇಕೆಂದು ಯಾರೂ ಬಯಸಲಿಲ್ಲ. ಅವನು ಬೀಳದಿದ್ದರೆ ಕೆಲಸವು ಇನ್ನೂ ಚೆನ್ನಾಗಿ ನಡೆಯುತ್ತಿತ್ತು. ಮುಷ್ಟಿಯುದ್ಧದಲ್ಲಾದರೋ ಎದುರಾಳಿಯನ್ನು ಕೆಡವುವದೇ ಕೆಲಸ. ಅವನ ಬುದ್ಧಿಯು ಮಂಕಾಗಿ ಕಾಲು ಕುಸಿದರೆ ಅದೇ ಜಯ. ಇದಲ್ಲದೆ, ಬೆಳಿಗ್ಗೆ ಒಪ್ಪಿದವನು ಸಂಜೆ ಪೆಟ್ಟು ತಿಂದು ತಲೆ ತಿರುಗುತ್ತಿರುವಾಗ ತನ್ನ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಶಕ್ತನೋ? ಹೀಗಿರುವದರಿಂದ, ಒಪ್ಪಿಗೆಯು ಎಲ್ಲಿ ಆರಂಭವಾಗುತ್ತದೆಂದು ಮಾತ್ರ ಕೇಳಿದರೆ ಸಾಲದು, ಸಾಕೆಂಬ ಮಾತನ್ನು ಯಾರು ಹೇಳುತ್ತಾರೆಂದು ಕೇಳಬೇಕೆಂದು ನಮಗೆ ತೋಚಿತು.

ಗುದ್ದಾಟವು ನಮ್ಮ ಸೀಮೆಗೆ ಹೊಸದಲ್ಲ. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ನೋಡಿದ ಡೊಮಿಂಗೊ ಪಾಯಸನೆಂಬ ಪೋರ್ಚುಗೀಸನು ಅಲ್ಲಿಯ ಮಹಾನವಮಿಯ ಉತ್ಸವವನ್ನು ವಿವರಿಸುವಾಗ, ಅಲ್ಲಿಯ ಮಲ್ಲರು ಹಲ್ಲು ಮುರಿಯುವಂತೆಯೂ ಕಣ್ಣು ಕಳೆಯುವಂತೆಯೂ ಹೊಡೆದಾಡುತ್ತಿದ್ದರೆಂದೂ, ಮಾತು ನಿಂತುಹೋದ ಕೆಲವರನ್ನು ಸ್ನೇಹಿತರು ಹೊತ್ತುಕೊಂಡು ಹೋಗುತ್ತಿದ್ದರೆಂದೂ ಬರೆದಿದ್ದಾನೆ. ಜೋಡಿಗಳನ್ನು ಸಮನಾಗಿ ಹೊಂದಿಸಿ ಗೆದ್ದವನಿಗೆ ಮಾನವನ್ನು ನಿಶ್ಚಯಿಸುವ ತೀರ್ಪುಗಾರರೂ ಅಲ್ಲಿ ಇದ್ದರು. ಅದೇ ಬಳಿಯ ಒಂದು ಕೊಂಬೆಯಂತೆ ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿವಸ ವಜ್ರಮುಷ್ಟಿ ಕಾಳಗವು ನಡೆಯುತ್ತದೆ. ಅದರ ಪೂಜಾಸಂಬಂಧವನ್ನು ನಾವು ಇಲ್ಲಿ ಎತ್ತುವದಿಲ್ಲ. ಅದರ ನಿಯಮವನ್ನೇ ನೋಡುವೆವು. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರು ಎಂಬ ಸ್ಥಳಗಳ ಜಟ್ಟಿ ಮನೆತನದವರು ತಲೆ ಬೋಳಿಸಿಕೊಂಡು, ಗಿಡ್ಡ ಚಲ್ಲಣವನ್ನುಟ್ಟು, ಬೆರಳುಗಳಿಗೆ ಮುಳ್ಳುಳ್ಳ ಮುಷ್ಟಿಯನ್ನು ತೊಟ್ಟು ಎದುರೆದುರು ನಿಲ್ಲುತ್ತಾರೆ. ಹಿಂದಿನ ಕಾಲದಲ್ಲಿ ಆ ಮುಷ್ಟಿಯನ್ನು ಕೊಂಬಿನಿಂದಲೂ ದಂತದಿಂದಲೂ ಮಾಡುತ್ತಿದ್ದರು. ನೋಡುವದಕ್ಕೆ ಇದು ಬಹು ಕ್ರೂರವಾದ ಆಟ. ಆದರೆ ಒಬ್ಬನ ತಲೆಯಿಂದ ರಕ್ತದ ಮೊದಲ ತೊಟ್ಟು ಕಾಣಿಸಿದ ಕೂಡಲೆ ಹತ್ತಿರ ನಿಂತಿರುವ ಉಸ್ತಾದರು ನಡುವೆ ನುಗ್ಗಿ ಇಬ್ಬರನ್ನೂ ಬಿಡಿಸುತ್ತಾರೆ. ಅನೇಕಸಾರಿ ಒಂದು ನಿಮಿಷದೊಳಗೆ ಎಲ್ಲವೂ ಮುಗಿಯುತ್ತದೆ. ವಾರಗಟ್ಟಳೆ ಸಾಧನೆ ಮಾಡಿದವನು ಇನ್ನೂ ಹೊಡೆಯಬೇಕೆಂದರೂ ಬಿಡುವದಿಲ್ಲ. ಪೆಟ್ಟು ತಿಂದವನು ಇನ್ನೂ ನಿಲ್ಲುವೆನೆಂದರೂ ಬಿಡುವದಿಲ್ಲ. ಸಾಕೆಂಬ ಮಾತನ್ನು ಅಲ್ಲಿ ರಕ್ತದ ತೊಟ್ಟೇ ಹೇಳುತ್ತದೆ. ಹಿರಿಯರು ಅದನ್ನು ಕೇಳುತ್ತಾರೆ.

ಪುರಾತನ ಗ್ರೀಕರಲ್ಲಿ ಬೇರೊಂದು ವಾಡಿಕೆಯಿತ್ತು. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಮುಷ್ಟಿಮಲ್ಲರ ಹೋಲಿಕೆಯನ್ನು ತೆಗೆದುಕೊಂಡದ್ದು ವಾಚಕರಿಗೆ ತಿಳಿದಿದೆ. ಆ ಪಟ್ಟಣದ ಸಮೀಪದಲ್ಲಿಯೇ ಅಂಥ ಪಂದ್ಯಗಳು ನಡೆಯುತ್ತಿದ್ದವು. ಆ ಮಲ್ಲರು ಕೈಗೆ ತೊಗಲಿನ ಪಟ್ಟಿ ಸುತ್ತಿಕೊಂಡು, ನಡುವೆ ವಿಶ್ರಾಂತಿಯಿಲ್ಲದೆ ಹೊಡೆದಾಡುತ್ತಿದ್ದರು. ಸೋತವನು ಒಂದು ಬೆರಳನ್ನು ಮೇಲಕ್ಕೆತ್ತಿದರೆ ಪಂದ್ಯವು ನಿಲ್ಲುತ್ತಿತ್ತು. ಅಲ್ಲಿ ಸಾಕೆಂಬ ಮಾತು ಪೆಟ್ಟು ತಿನ್ನುವವನ ಬೆರಳಿನಲ್ಲಿತ್ತು. ಮಾನವು ಆ ಬೆರಳನ್ನು ಹಿಡಿದು ಕೆಳಕ್ಕೆ ಜಗ್ಗಿದಾಗ ಅವನ ಗತಿಯೇನೆಂಬದು ಬೇರೆ ಮಾತು.

ಈಗಿನ ಬಾಕ್ಸಿಂಗಿನ ನಿಯಮಗಳು ಇಂಗ್ಲೆಂಡಿನಲ್ಲಿ ೧೮೬೭ರಲ್ಲಿ ಕ್ವೀನ್ಸ್‌ಬರಿ ಎಂಬ ಪ್ರಭುವಿನ ಹೆಸರಿನಿಂದ ಪ್ರಕಟವಾದವು. ಮೂರು ನಿಮಿಷ ಹೋರಾಟ, ಒಂದು ನಿಮಿಷ ವಿಶ್ರಾಂತಿ, ಕೈಗೆ ಮೆತ್ತನೆಯ ಕೈಗವಸು, ಬಿದ್ದವನು ಹತ್ತು ಎಣಿಸುವದರೊಳಗೆ ಏಳಬೇಕು ಎಂಬಿವು ಅವುಗಳಲ್ಲಿ ಮುಖ್ಯವಾದವು. ಕೈಗವಸನ್ನು ಕಂಡು ಇದು ದಯೆಯುಳ್ಳ ಆಟವೆಂದು ನಾವು ನೆನಸುತ್ತೇವೆ. ಆದರೆ ಅದು ಹೊಡೆಯುವವನ ಬೆರಳೆಲುಬನ್ನು ಕಾಯುವಷ್ಟು ಹೊಡೆಸಿಕೊಳ್ಳುವವನ ತಲೆಯನ್ನು ಕಾಯುವದಿಲ್ಲ. ಬರಿಗೈಯಿಂದ ಗಟ್ಟಿಯಾದ ತಲೆಗೆ ಹೊಡೆದರೆ ಬೆರಳೇ ಮುರಿಯುವದು; ಕೈಗವಸು ಇದ್ದರೆ ನೂರು ಪೆಟ್ಟು ಹೊಡೆಯಬಹುದು. ತುಂಬಿದ ಗಡಿಗೆಯನ್ನು ಅಲ್ಲಾಡಿಸಿದರೆ ಹೊರಗೆ ಬಿರುಕು ಕಾಣದಿದ್ದರೂ ಒಳಗಿನದು ಕದಡುವ ಹಾಗೆ, ತಲೆಬುರುಡೆಯೊಳಗೆ ಮಿದುಳು ಕದಡುತ್ತದೆ. ಬಹುಕಾಲ ಪೆಟ್ಟು ತಿಂದವರು ಕುಡಿದವರಂತೆ ತೊದಲುವದನ್ನೂ ತೂರಾಡುವದನ್ನೂ ಕುರಿತು ಅಮೇರಿಕದ ಮಾರ್ಟ್‌ಲ್ಯಾಂಡ್ ಎಂಬ ವೈದ್ಯನು ೧೯೨೮ರಲ್ಲಿಯೇ ಬರೆದನು.

ಹಣವು ಬಂದ ಮೇಲೆ ಸಾಕೆಂಬ ಮಾತಿಗೆ ಏನಾಯಿತೆಂಬದಕ್ಕೆ ಎರಡು ಸಂಗತಿಗಳನ್ನು ಹೇಳುವೆವು. ೧೯೮೦ನೆಯ ಅಕ್ಟೋಬರ ೨ರಂದು ಮುಹಮ್ಮದ್ ಅಲಿ ಎಂಬ ಲೋಕಪ್ರಸಿದ್ಧನಾದ ಮಲ್ಲನು ೩೮ನೆಯ ವಯಸ್ಸಿನಲ್ಲಿ ಲ್ಯಾರಿ ಹೋಮ್ಸ್ ಎಂಬವನಿಗೆ ಎದುರಾಗಿ ನಿಂತನು. ಹೋಮ್ಸನು ಒಂದು ಕಾಲದಲ್ಲಿ ಅಲಿಯ ಸಂಗಡ ಸಾಧನೆ ಮಾಡಿದವನು, ಅವನನ್ನು ಪ್ರೀತಿಸುವವನು. ಪ್ರತಿಸುತ್ತಿನಲ್ಲಿಯೂ ಅಲಿಯು ಸುಮ್ಮನೆ ಪೆಟ್ಟು ತಿಂದನು. ಹತ್ತನೆಯ ಸುತ್ತು ಮುಗಿದ ಮೇಲೆ ಅವನ ಗುರುವಾದ ಆಂಜೆಲೊ ಡಂಡಿಯು ಪಂದ್ಯವನ್ನು ನಿಲ್ಲಿಸಿದನು. ಗೆದ್ದವನು ಅತ್ತನು. ಹಾಗಿದ್ದರೂ ಮರುವರುಷ ಅಲಿಯು ಮತ್ತೊಮ್ಮೆ ಪಂದ್ಯಕ್ಕೆ ಇಳಿದನು. ೧೯೮೪ರಲ್ಲಿ ಕೈಕಾಲು ನಡುಗಿಸುವ ಪಾರ್ಕಿನ್ಸನ್ ರೋಗವು ಅವನಿಗಿದೆಯೆಂದು ತಿಳಿದುಬಂತು. ಎರಡನೆಯದು, ೧೯೮೨ನೆಯ ನವೆಂಬರ ೧೩ರಂದು ಕೊರಿಯ ದೇಶದ ಕಿಮ್ ಡುಕ್ ಕೂ ಎಂಬ ಯೌವನಸ್ಥನು ರೇ ಮ್ಯಾನ್ಸಿನಿ ಎಂಬವನೊಡನೆ ಹದಿನಾಲ್ಕನೆಯ ಸುತ್ತಿನ ವರೆಗೆ ಹೋರಾಡಿ ಬಿದ್ದನು. ಕೆಲವು ದಿವಸಗಳಲ್ಲಿ ಸತ್ತನು. ಆ ಮೇಲೆ ದೊಡ್ಡ ಪಂದ್ಯಗಳ ಹದಿನೈದು ಸುತ್ತುಗಳನ್ನು ಹನ್ನೆರಡಕ್ಕೆ ಇಳಿಸಿದರು. ಅಂದರೆ ಸಾಕೆಂಬ ಮಾತನ್ನು ಮೂರು ಸುತ್ತು ಮುಂಚಿತವಾಗಿ ಹೇಳುವದನ್ನು ಕಲಿಯುವದಕ್ಕೆ ಒಬ್ಬ ತಾಯಿಯ ಮಗನು ಸಾಯಬೇಕಾಯಿತು.

ಇನ್ನು ಒಬ್ಬನ ಜೀವಮಾನವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆವು; ಯಾಕಂದರೆ ನಮ್ಮ ಯೌವನಸ್ಥನು ತನ್ನ ಪಕ್ಷಕ್ಕೆ ಅವನನ್ನೇ ಸಾಕ್ಷಿಯಾಗಿ ಕರೆದನು. ಜಾರ್ಜ್ ಫೋರ್ಮನ್ ಎಂಬವನು ೧೯೪೯ರಲ್ಲಿ ಅಮೇರಿಕದ ಟೆಕ್ಸಸ್ ಸೀಮೆಯಲ್ಲಿ ಬಡ ಕರಿಯ ಜನರ ಕುಟುಂಬದಲ್ಲಿ ಹುಟ್ಟಿದನು. ಎಳೆಯ ಪ್ರಾಯದಲ್ಲಿ ಬೀದಿಯಲ್ಲಿ ಜನರನ್ನು ಹೊಡೆದು ಹಣ ಕಿತ್ತುಕೊಂಡವನು. ೧೯೬೮ರಲ್ಲಿ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಚಿನ್ನದ ಪದಕವನ್ನು ಗೆದ್ದನು. ೧೯೭೩ರಲ್ಲಿ ಕಿಂಗ್‌ಸ್ಟನ್ ಪಟ್ಟಣದಲ್ಲಿ ಜೋ ಫ್ರೇಜಿಯರನನ್ನು ಎರಡು ಸುತ್ತುಗಳೊಳಗೆ ಆರು ಸಾರಿ ನೆಲಕ್ಕೆ ಕೆಡವಿ ಲೋಕದ ಅತಿಭಾರದ ಮಲ್ಲರಲ್ಲಿ ಶ್ರೇಷ್ಠನೆನಿಸಿಕೊಂಡನು. ಆಗ ಅವನ ಮುಖದಲ್ಲಿ ನಗೆಯೇ ಇರಲಿಲ್ಲ. ಮರುವರುಷ ಆಫ್ರಿಕದ ಕಿನ್ಶಾಸಾದಲ್ಲಿ ಅಲಿಯ ಎದುರು ಎಂಟನೆಯ ಸುತ್ತಿನಲ್ಲಿ ಬಿದ್ದು ಆ ಪಟ್ಟವನ್ನು ಕಳಕೊಂಡನು. ೧೯೭೭ರಲ್ಲಿ ಜಿಮ್ಮಿ ಯಂಗನಿಗೆ ಸೋತು, ಬೇಗೆಯಿಂದ ಬಳಲಿ ಉಡುಪಿನ ಕೋಣೆಯಲ್ಲಿ ಬಿದ್ದಿದ್ದಾಗ ತಾನು ಸತ್ತಂತಾಗಿ ಕ್ರಿಸ್ತನನ್ನು ಕಂಡುಕೊಂಡೆನೆಂದು ಸಾಕ್ಷಿಹೇಳಿದನು. ಅಂದಿನಿಂದ ಹತ್ತು ವರುಷ ಕೈಗವಸನ್ನು ಮುಟ್ಟದೆ ಹ್ಯೂಸ್ಟನ್ ಪಟ್ಟಣದಲ್ಲಿ ಸಭೆಯ ಬೋಧಕನಾದನು. ಬೀದಿಯ ಹುಡುಗರಿಗಾಗಿ ಒಂದು ಮನೆಯನ್ನು ಕಟ್ಟಿದನು.

ಕಥೆಯು ಇಲ್ಲಿಗೆ ಮುಗಿದಿದ್ದರೆ ನಮಗೆ ಬೋಧಿಸುವದು ಸುಲಭವಾಗುತ್ತಿತ್ತು. ಆದರೆ ಆ ಮನೆಯನ್ನು ನಡಿಸುವದಕ್ಕೆ ಹಣ ಸಾಲದೆ ಹೋದದ್ದರಿಂದ ಅವನು ೧೯೮೭ರಲ್ಲಿ ಪುನಃ ಅಖಾಡಕ್ಕೆ ಇಳಿದನು. ೧೯೯೪ನೆಯ ನವೆಂಬರ ೫ರಂದು, ೪೫ನೆಯ ವಯಸ್ಸಿನಲ್ಲಿ, ಮೈಕೇಲ್ ಮೂರರ್ ಎಂಬವನನ್ನು ಹತ್ತನೆಯ ಸುತ್ತಿನಲ್ಲಿ ಕೆಡವಿ ಇಪ್ಪತ್ತು ವರುಷಗಳ ಹಿಂದೆ ಕಳಕೊಂಡದ್ದನ್ನು ತಿರಿಗಿ ಪಡೆದನು. ೧೯೯೭ರಲ್ಲಿ ಕಡೆಯ ಪಂದ್ಯವಾಡಿ, ೨೦೨೫ನೆಯ ಮಾರ್ಚಿಯಲ್ಲಿ ತೀರಿಕೊಂಡನು. ಬಡ ಹುಡುಗರ ಮನೆಗಾಗಿ ಇನ್ನೊಬ್ಬನ ಮುಖಕ್ಕೆ ಗುದ್ದುವದು ಸರಿಯೋ? ಒಳ್ಳೇ ಕಾರ್ಯಕ್ಕೆಂದು ತಂದ ಹಣವು ತಾನು ಬಂದ ದಾರಿಯನ್ನು ತೊಳೆಯಲಾರದು. ಹಾಗೆ ತೊಳೆಯುವದಾದರೆ ಸಾರಾಯಿ ಮಾರಿದವನು ಗುಡಿಗೆ ಗಂಟೆ ಕೊಟ್ಟು ನೀತಿವಂತನಾಗಬಹುದು. ಆದರೂ ಮೊದಲನೆಯ ಫೋರ್ಮನನೂ ಎರಡನೆಯವನೂ ಒಂದೇ ಅಲ್ಲವೆಂಬದನ್ನು ಒಪ್ಪಲೇಬೇಕು. ಮೊದಲನೆಯವನು ಹಗೆಯಿಂದ ಹೊಡೆದನು. ಎರಡನೆಯವನು ಹಗೆಯಿಲ್ಲದೆ ಹೊಡೆಯುವದನ್ನು ಕಲಿತೆನೆಂದು ಹೇಳಿದನು. ಹಗೆಯು ಹೋದದ್ದು ದೊಡ್ಡ ಕಾರ್ಯ. ಆದರೆ ಮುಷ್ಟಿಯ ಕೆಳಗಿದ್ದವನ ಮಿದುಳಿಗೆ ಆ ಭೇದವು ತಿಳಿಯದು. ಮತ್ತೊಂದು ವಿಚಿತ್ರವೇನಂದರೆ, ಅವನು ಎರಡೂ ಮುಷ್ಟಿಗಳಿಂದ ಗಳಿಸಿದ್ದಕ್ಕಿಂತಲೂ ಹೆಚ್ಚು ಹಣವನ್ನು, ಮಾಂಸ ಸುಡುವ ಒಂದು ಸಣ್ಣ ವಿದ್ಯುತ್ ಒಲೆಗೆ ತನ್ನ ಹೆಸರನ್ನು ಕೊಟ್ಟು ಗಳಿಸಿದನು.

ಈ ವರೆಗೆ ಹೊಡೆಯುವವರನ್ನೇ ತೂಗಿದೆವು. ನೋಡುವವರ ಮಾತೇನು? ನಮ್ಮ ಊರುಗಳಲ್ಲಿ ಕೂಲಿಯಿಂದ ಬಂದ ಹುಡುಗರು ಸಂಜೆ ಕಣದ ಅಂಚಿನಲ್ಲಿ ಕೂತು ಮೊಬೈಲಿನಲ್ಲಿ ಈ ಪಂದ್ಯಗಳನ್ನು ನೋಡುತ್ತಾರೆ. ನಾವೂ ಅವರ ಬೆನ್ನ ಹಿಂದೆ ನಿಂತು ನೋಡಿದ್ದೇವೆ. ಮೂಗಿನಿಂದ ರಕ್ತ ಸುರಿಯುವಾಗ “ಇನ್ನೊಂದು ಕೊಡು” ಎಂದು ಕೂಗಿದ ಬಾಯಿ ನಮ್ಮ ಸಭೆಯದೇ. ಅಖಾಡದಲ್ಲಿ ಸಾಕೆನ್ನಬೇಕಾದವರು ನಾಲ್ವರು. ಪೆಟ್ಟು ತಿನ್ನುವವನನ್ನು ಮಾನವು ತಡೆಯುತ್ತದೆ. ಹೊಡೆಯುವವನನ್ನು ಜಯವು ತಡೆಯುತ್ತದೆ. ಪಂದ್ಯ ನಡಿಸುವವರನ್ನು ಲಾಭವು ತಡೆಯುತ್ತದೆ. ನೋಡುವವರಾದ ನಮ್ಮನ್ನು ತಡೆಯುವದು ಯಾವದು? ಏನೂ ಇಲ್ಲ. ನಾವು ಎದ್ದುಹೋದರೆ ಹಣವೂ ನಮ್ಮ ಹಿಂದೆ ಎದ್ದುಹೋಗುವದು. ಹೇಳುವದು ಎಲ್ಲರಿಗಿಂತ ಸುಲಭವಾಗಿರುವ ನಾವೇ ಹೇಳದೆ ಕೂತಿದ್ದೇವೆ.

ಮುಂದಿನ ವಾರ ಆ ಯೌವನಸ್ಥನು ತಿರಿಗಿ ಬಂದಾಗ ಹೀಗೆ ಹೇಳಿದೆವು: “ಮಗನೇ, ನಿನ್ನ ತೋಳಿನ ಬಲವು ಪಾಪವಲ್ಲ. ಸಾಧನೆಯನ್ನು ಬಿಡಬೇಡ, ಬೆಳಿಗ್ಗೆ ಏಳುವದನ್ನೂ ಕುಡಿಯದಿರುವದನ್ನೂ ಕೋಪವನ್ನು ಬಿಗಿಹಿಡಿಯುವದನ್ನೂ ಅದು ನಿನಗೆ ಕಲಿಸಿದೆ. ಆದರೆ ಹಣದ ಪಂದ್ಯಕ್ಕೆ ಇಳಿಯುವ ಮೊದಲು ಒಂದನ್ನು ಕೇಳು. ನಿನ್ನ ಮೂಲೆಯಲ್ಲಿ ನಿಲ್ಲುವವರಲ್ಲಿ, ನೀನು ಗೆದ್ದರೂ ಸೋತರೂ ಒಂದು ಕಾಸೂ ಲಾಭವಿಲ್ಲದೆ, ನಿನ್ನನ್ನು ಮಾತ್ರ ನೋಡಿ ಸಾಕೆನ್ನುವವನು ಯಾರಿದ್ದಾನೆ? ಅಂಥವನಿಲ್ಲದಿದ್ದರೆ ಹೋಗಬೇಡ. ಎದುರಿನ ಮೂಲೆಯಲ್ಲಿಯೂ ಅಂಥವನಿಲ್ಲದಿದ್ದರೆ ಆಗಲೂ ಹೋಗಬೇಡ. ಅವನಿಗೂ ಒಬ್ಬ ಅವ್ವ ಇದ್ದಾಳೆ. ನಿನ್ನ ತಾಯಿಯು ಹೇಳಿದ್ದು ಇದನ್ನೇ. ಮೊದಲ ಪೆಟ್ಟು ಬೀಳುವದಕ್ಕಿಂತ ಮುಂಚೆಯೇ ಆಕೆ ಸಾಕು ಅಂದಳು.”

ಅವನು ಬಹಳ ಹೊತ್ತು ಸುಮ್ಮನಿದ್ದು, “ಅಯ್ಯನವರೇ, ಸಾಲಕ್ಕೆ ಯಾರು ಸಾಕು ಅನ್ನುತ್ತಾರೆ?” ಅಂದನು.

ವಾಚಕರೇ, ಈ ಮಾತಿನಿಂದ ನಮಗೆ ನಾಚಿಕೆಯಾಯಿತು. ಒಪ್ಪಿಗೆಯ ವಿಷಯವಾಗಿ ನಾವು ಇಷ್ಟು ಬರೆದೆವು; ಸಾಲವು ಬೆನ್ನ ಹಿಂದೆ ನಿಂತು ನೂಕುತ್ತಿರುವಾಗ ಅಖಾಡಕ್ಕೆ ಇಳಿದವನು ಒಪ್ಪಿ ಇಳಿದನೆಂದು ಹೇಳಬಹುದೋ? ತನ್ನ ತಲೆಯನ್ನು ಮಾರಬೇಕಾದ ಸ್ಥಿತಿಯಲ್ಲಿ ಒಬ್ಬನನ್ನು ಬಿಟ್ಟು, ಮಾರಬೇಡವೆಂದು ಬುದ್ಧಿಹೇಳುವದು ನ್ಯಾಯವಲ್ಲ. ಆದಕಾರಣ ಅದೇ ವಾರದಲ್ಲಿ ನಾವು ಹಿರಿಯರು ಕೆಲವರು ಕೂಡಿ ಆ ಮನೆಯ ಸಾಲದ ಲೆಕ್ಕವನ್ನು ನೋಡಿದೆವು. ಅದು ಒಂದೇ ಮನೆಗೆ ಬೆಟ್ಟದಷ್ಟು. ಇಪ್ಪತ್ತು ಮನೆಗಳು ಹಂಚಿಕೊಂಡರೆ ಒಂದೊಂದು ಹೊರೆಯಷ್ಟೇ. ಎಲ್ಲರೂ ಇನ್ನೂ ಒಪ್ಪಿಲ್ಲ. ಯೌವನಸ್ಥನೂ ಬೆಂಗಳೂರಿನ ಮಾತನ್ನು ಇನ್ನೂ ಪೂರ್ತಿಯಾಗಿ ಬಿಟ್ಟಿಲ್ಲ. ಸುಗ್ಗಿಯ ಲೆಕ್ಕ ತೀರುವ ವರೆಗೆ ನಿಲ್ಲುವೆನೆಂದು ತಾಯಿಗೆ ಮಾತು ಕೊಟ್ಟಿದ್ದಾನೆ. ಆ ದಿವಸದೊಳಗೆ ಉತ್ತರ ಕೊಡಬೇಕಾದವರು ಅವನಲ್ಲ, ನಾವು. ಬಾಯಿಂದ ಸಾಕೆನ್ನುವದು ಸುಲಭ. ಕೈಯಿಂದ ಸಾಕೆನ್ನುವದನ್ನು ನಾವು ಈಗ ಕಲಿಯಬೇಕಾಗಿದೆ.