ನಿಷ್ಠೆಯ ಲೆಕ್ಕ

ಕೆಲವು ಪ್ರಶ್ನೆಗಳು ಮೇಲ್ನೋಟಕ್ಕೆ ತೀರಾ ಕ್ಷುಲ್ಲಕವೆಂದು ತೋರುತ್ತವೆ. ಅವುಗಳ ಬೆನ್ನು ಹತ್ತಿ ಹೋದಾಗ ಮಾತ್ರ ಆತ್ಮಸಾಕ್ಷಿಯ ಬಾಗಿಲಿಗೆ ಬಂದು ನಿಂತಿದ್ದೇವೆಂದು ಅರಿವಾಗುತ್ತದೆ. ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ನನ್ನ ಅಕ್ಕನ ಮಗ ಈಚೆಗೆ ನನ್ನ ಮುಂದಿಟ್ಟ ಪ್ರಶ್ನೆ ಅಂಥದ್ದು. ಕಂಪನಿಯ ಕೆಲಸಕ್ಕಾಗಿ ಆತ ವರ್ಷದಲ್ಲಿ ಹಲವು ಬಾರಿ ಜರ್ಮನಿಗೂ ದೆಹಲಿಗೂ ವಿಮಾನದಲ್ಲಿ ಹೋಗಿಬರುತ್ತಾನೆ. ಎರಡು ವಿಮಾನ ಸಂಸ್ಥೆಗಳ ಸದಸ್ಯತ್ವದ ಕಾರ್ಡುಗಳು ಅವನಲ್ಲಿವೆ. "ಮಾವ, ಎಲ್ಲ ಪ್ರಯಾಣಗಳನ್ನೂ ಒಂದೇ ಸಂಸ್ಥೆಗೆ ಕೊಡಲೇ, ಎರಡಕ್ಕೂ ಹಂಚಲೇ? ಹಂಚುವುದು ನಿಷ್ಠೆಯಿಲ್ಲದ ಕೆಲಸವೇ?" ಎಂದು ನಗುತ್ತಲೇ ಕೇಳಿದ.

ಲೆಕ್ಕದ ಮಟ್ಟಿಗೆ ಉತ್ತರ ಸುಲಭ. ಈ ಯೋಜನೆಗಳು ಮೆಟ್ಟಿಲುಗಳಂತೆ. ಬೆಳ್ಳಿ, ಚಿನ್ನ ಎಂದು ಹೆಸರಿಟ್ಟ ಪ್ರತಿ ಮೆಟ್ಟಿಲಿಗೂ ಒಂದು ವರ್ಷದಲ್ಲಿ ಇಂತಿಷ್ಟು ಪ್ರಯಾಣ ಅಥವಾ ಇಂತಿಷ್ಟು ಅಂಕ ಎಂಬ ನಿಯಮವಿರುತ್ತದೆ. ಮೂವತ್ತು ಪ್ರಯಾಣ ಬೇಕಿರುವಲ್ಲಿ ನಲವತ್ತನ್ನು ಇಪ್ಪತ್ತು, ಇಪ್ಪತ್ತಾಗಿ ಹಂಚಿದವನು ಎರಡೂ ಕಡೆ ಕೆಳಗೇ ಉಳಿಯುತ್ತಾನೆ. ಒಂದಕ್ಕೇ ಕೊಟ್ಟವನಿಗೆ ವಿಶ್ರಾಂತಿ ಕೋಣೆ, ಹೆಚ್ಚಿನ ಸಾಮಾನು, ಸಾಲಿನಲ್ಲಿ ಮುಂದಿನ ಸ್ಥಾನ ದೊರೆಯುತ್ತವೆ. ಆದರೆ ಆ ಸಂಸ್ಥೆ ಹೇಳಿದ ದರಕ್ಕೂ ಹೊತ್ತಿಗೂ ಅವನು ಕಟ್ಟುಬೀಳುತ್ತಾನೆ.

ಲೆಕ್ಕ ಮುಗಿದರೂ 'ನಿಷ್ಠೆ' ಎಂಬ ಮಾತು ನನ್ನನ್ನು ಬಿಡಲಿಲ್ಲ. ಈ ಮಾತು ಇಲ್ಲಿಗೆ ಹೇಗೆ ಬಂತು? 1978ರಲ್ಲಿ ಅಮೆರಿಕವು ವಿಮಾನಯಾನದ ಮೇಲಿನ ಸರಕಾರಿ ನಿಯಂತ್ರಣವನ್ನು ಸಡಿಲಿಸಿತು. ದರಗಳಲ್ಲಿ ಪೈಪೋಟಿ ಹುಟ್ಟಿತು. ಗಿರಾಕಿ ಕೈಜಾರದಂತೆ ಹಿಡಿದಿಡಲು ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ಹಾರಿದ ಮೈಲಿಗಳಿಗೆ ಬಹುಮಾನ ಕೊಡುವ ಯೋಜನೆಯನ್ನು ತಂದಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಸಂಸ್ಥೆಯೂ ಅದೇ ಹಾದಿ ಹಿಡಿಯಿತು. ಹೀಗೆ, ವ್ಯಾಪಾರದ ಒಂದು ಉಪಾಯವು ಮನುಷ್ಯನ ಅತ್ಯುನ್ನತ ಗುಣವೊಂದರ ಹೆಸರನ್ನು ಎರವಲು ಪಡೆಯಿತು.

ಎರವಲು ಪಡೆದ ಹೆಸರಿಗೆ ತಕ್ಕ ನಡತೆ ಇದೆಯೇ? 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್ ಸಂಸ್ಥೆಗಳು ಹಾರಿದ ದೂರವನ್ನು ಬಿಟ್ಟು ತೆತ್ತ ಹಣವನ್ನು ಅಳೆಯತೊಡಗಿದವು. ನಮ್ಮ ದೇಶದಲ್ಲಿ 2012ರಲ್ಲಿ ಕಿಂಗ್‌ಫಿಶರ್ ವಿಮಾನಗಳು ನೆಲಕ್ಕಿಳಿದವು, 2019ರಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿತು, 2024ರ ನವೆಂಬರಿನಲ್ಲಿ ವಿಸ್ತಾರಾ ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಇಂದು ಎರಡು ಕಡೆ ಹಂಚಿದವನ ಎರಡು ಕಾರ್ಡುಗಳು ನಾಳೆ ಅವನನ್ನು ಕೇಳದೆಯೇ ಒಂದಾಗಬಹುದು, ಇಲ್ಲವಾಗಲೂಬಹುದು.

ಅಮೆರಿಕದ ಒಂದು ಮೊಕದ್ದಮೆ ಇನ್ನೂ ಸ್ಪಷ್ಟ ಪಾಠವಾಗಿದೆ. ನಾರ್ತ್‌ವೆಸ್ಟ್ ಸಂಸ್ಥೆಯಲ್ಲಿ ಉನ್ನತ ದರ್ಜೆಗೇರಿದ್ದ ಯೆಹೂದಿ ಧರ್ಮಗುರುವೊಬ್ಬರ ಸದಸ್ಯತ್ವವನ್ನು, ಅವರು ಯೋಜನೆಯನ್ನು ದುರುಪಯೋಗಪಡಿಸಿಕೊಂಡರೆಂದು ಹೇಳಿ, ಆ ಸಂಸ್ಥೆ 2008ರಲ್ಲಿ ರದ್ದುಪಡಿಸಿತು. ಅವರು ಪದೇ ಪದೇ ದೂರು ನೀಡಿದ್ದೇ ಅದಕ್ಕೆ ಆಧಾರವಾಗಿತ್ತು. ಪರಸ್ಪರ ಸದ್ಭಾವನೆಯಿಂದ ನಡೆದುಕೊಳ್ಳಬೇಕೆಂಬ ತತ್ತ್ವವನ್ನು ಮುಂದಿಟ್ಟು ಅವರು ನ್ಯಾಯಾಲಯಕ್ಕೆ ಹೋದರು. 2014ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಅವರ ವಾದವನ್ನು ತಳ್ಳಿಹಾಕಿತು. ಅಡ್ಡಬಂದದ್ದು ಅದೇ 1978ರ ಕಾನೂನು. ನಿಷ್ಠೆಯೆಂದು ಕರೆಯಲಾದದ್ದು ಕರಾರು ಮಾತ್ರವೆಂದೂ, ಕರಾರು ಬರೆದವರ ಕೈ ಮೇಲೆಂದೂ ಇಲ್ಲಿ ತಿಳಿಯುತ್ತದೆ.

ಆದ್ದರಿಂದ ಪ್ರಯಾಣವನ್ನು ಎರಡಾಗಿ ಹಂಚುವುದು ದ್ರೋಹವಲ್ಲ. ನಿಷ್ಠೆಗೆ ಪ್ರತಿಯಾಗಿ ನಿಷ್ಠೆಯನ್ನು ಕೊಡಲಾರದವರಿಗೆ ನಾವು ಪ್ರಾಮಾಣಿಕ ವ್ಯವಹಾರವನ್ನಷ್ಟೇ ಸಲ್ಲಿಸಬೇಕು.

ಇಷ್ಟು ಹೇಳಿ ನಾನು ಅಳಿಯನನ್ನು ಮರುಪ್ರಶ್ನಿಸಿದೆ: "ಟಿಕೇಟಿನ ಹಣ ಯಾರದು?" ಅವನು ಸುಮ್ಮನಾದ. ಹಣ ಕಂಪನಿಯದು, ಅಂಕ ಅವನದು. ಈ ತಿರುವಿನಲ್ಲಿಯೇ ನೈತಿಕ ಪ್ರಶ್ನೆ ಅಡಗಿದೆ. ಕಂಪನಿ ಒಪ್ಪಿದ್ದರೆ ಅಂಕ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಅಗ್ಗದ ಟಿಕೇಟು ಇರುವಾಗ ತನ್ನ ಅಂಕದ ಆಸೆಗೆ ದುಬಾರಿಯದನ್ನು ಕೊಳ್ಳುವವನು ಪರರ ಹಣದಿಂದ ತನಗೆ ಉಡುಗೊರೆ ಕೊಟ್ಟುಕೊಂಡಂತೆ. ನಮ್ಮ ಕೇಂದ್ರ ಸರಕಾರ 2008ರಲ್ಲಿ, ನೌಕರರು ಸರಕಾರಿ ಪ್ರಯಾಣದಿಂದ ಗಳಿಸಿದ ಅಂಕಗಳು ಸರಕಾರಿ ಪ್ರಯಾಣಕ್ಕೇ ಸಲ್ಲಬೇಕೆಂದು ಆದೇಶಿಸಿತು. ಜರ್ಮನಿಯಲ್ಲಿ ಬರ್ಲಿನ್ ಸರಕಾರದ ಸಚಿವರಾಗಿದ್ದ ಗ್ರೆಗೊರ್ ಗೀಸಿ, ಅಧಿಕೃತ ಪ್ರಯಾಣದ ಅಂಕಗಳನ್ನು ಖಾಸಗಿಯಾಗಿ ಬಳಸಿದ್ದು ಬಯಲಾದಾಗ 2002ರಲ್ಲಿ ರಾಜೀನಾಮೆ ಕೊಟ್ಟರು. ಮೊತ್ತ ಚಿಕ್ಕದಾದ ಮಾತ್ರಕ್ಕೆ ಹೊಣೆ ಚಿಕ್ಕದಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು ನಾನು ಎತ್ತಲಿಲ್ಲ. ಅವನೇ ಎತ್ತಿದ. ಒಂದು ಡಿಸೆಂಬರಿನಲ್ಲಿ ಅಕ್ಕನ ಕಣ್ಣಿನ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ನೇರ ವಿಮಾನವಿತ್ತು. ಆದರೆ ಚಿನ್ನದ ಮೆಟ್ಟಿಲಿಗೆ ಇನ್ನು ಸ್ವಲ್ಪವೇ ಅಂಕ ಬೇಕಾಗಿದ್ದುದರಿಂದ ಅವನು ತನ್ನ ಕಾರ್ಡಿನ ಸಂಸ್ಥೆಯಲ್ಲಿ ದೆಹಲಿಯ ಮೂಲಕ ಬಂದ. ದೆಹಲಿಯಲ್ಲಿ ಮಂಜು ಕವಿದಿತ್ತು. ಊರು ಮುಟ್ಟುವಷ್ಟರಲ್ಲಿ ಆಸ್ಪತ್ರೆಯ ಕಾಗದಕ್ಕೆ ಪಕ್ಕದ ಮನೆಯವರು ಸಹಿ ಹಾಕಿ ಆಗಿತ್ತು. "ಅಮ್ಮ ಏನೂ ಅನ್ನಲಿಲ್ಲ ಮಾವ. ಊಟ ಮಾಡಿದೆಯಾ ಎಂದಷ್ಟೇ ಕೇಳಿದರು" ಎಂದು ಹೇಳಿ ತಲೆ ತಗ್ಗಿಸಿದ. ಆ ವರ್ಷ ಅವನಿಗೆ ಚಿನ್ನದ ಕಾರ್ಡು ಬಂತು.

ನಿಷ್ಠೆಗೆ ಅಂಕವಿಲ್ಲ, ದರ್ಜೆಯಿಲ್ಲ, ವರ್ಷಾಂತ್ಯದ ಗಡುವಿಲ್ಲ. ನಾವು ಬಾರದಿದ್ದಾಗ ಯಾರ ಮನಸ್ಸು ನೋಯುತ್ತದೆಯೋ ಅವರಿಗೆ ಮಾತ್ರ ನಾವು ನಿಷ್ಠೆಯ ಸಾಲಗಾರರು. ವಿಮಾನ ಸಂಸ್ಥೆಯನ್ನು ದರ, ಹೊತ್ತು, ಅನುಕೂಲ ನೋಡಿ ಆರಿಸೋಣ. ಒಂದಾದರೂ ಸರಿ, ಎರಡಾದರೂ ಸರಿ. ಆದರೆ ಮನೆಯಲ್ಲಿ ಕಾಯುತ್ತಿರುವವರ ಪಾಲನ್ನು ಯಾವ ಕಾರ್ಡಿಗೂ ಹಂಚದಿರೋಣ. ಪ್ರಿಯ ಓದುಗರೇ, ನಮ್ಮ ದಿನಗಳು ಯಾರ ಖಾತೆಯಲ್ಲಿ ಜಮೆಯಾಗುತ್ತಿವೆ ಎಂದು ಒಮ್ಮೆ ಕುಳಿತು ನೋಡಿಕೊಳ್ಳುವುದು ಒಳ್ಳೆಯದಲ್ಲವೇ?