ಅಳಿಸಿ ಬರೆದ ಚಿತ್ರ

ಹೋದ ಮಳೆಗಾಲದ ಒಂದು ಸಂಜೆ ಕುಮಟೆಯ ನನ್ನ ಮನೆಗೆ ನಾಲ್ವರು ವಿದ್ಯಾರ್ಥಿಗಳು ಬಂದರು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಐದು ನಿಮಿಷದ ಒಂದು ಅನಿಮೇಷನ್ ಚಿತ್ರ ಮಾಡಬೇಕು, ಒಂದೊಂದು ಚಿತ್ರವನ್ನೂ ಕೈಯಿಂದಲೇ ಬಣ್ಣ ಬಳಿದು ಬರೆಯಬೇಕು ಎಂಬುದು ಅವರ ಹಂಬಲ. ಆರಿಸಿಕೊಂಡ ವಸ್ತು 1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ಟಿಂ ಅಫೋನ್ಸೊ ಡ ಸೋಜ ಭಟ್ಕಳವನ್ನು ಸುಟ್ಟು ಸೂರೆಮಾಡಿದ್ದು. ನನಗೂ ಉತ್ಸಾಹವಾಯಿತು. ಆಗ ಅವರಲ್ಲಿ ಭಟ್ಕಳದವಳೇ ಆದ ಹುಡುಗಿ ಮೆಲ್ಲನೆ ಕೇಳಿದಳು: "ಸರ್, ಆ ಬೆಂಕಿ ನೋಡಿದವರಿಗೆ 1993 ನೆನಪಾಗುವುದಿಲ್ಲವೇ?"

ಆ ವರ್ಷದ ಗಲಭೆ ಈ ಮಕ್ಕಳು ಹುಟ್ಟುವ ಮೊದಲಿನದು. ನಾನಾಗ ಹೊನ್ನಾವರದಲ್ಲಿ ಶಾಲೆಗೆ ಹೋಗುವ ಹುಡುಗ. ಮನೆಯಲ್ಲಿ ದೊಡ್ಡವರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನಾವು ಹತ್ತಿರ ಹೋದರೆ ಸುಮ್ಮನಾಗುತ್ತಿದ್ದರು. ನನ್ನ ನೆನಪು ಇಷ್ಟೇ. ಆದರೂ ಹುಡುಗಿಯ ಮಾತಿಗೆ ಎದೆ ಝಲ್ಲೆಂದಿತು. "ಬೇಡಮ್ಮಾ, ಬೇರೆ ವಿಷಯ ನೋಡಿ" ಎಂದುಬಿಟ್ಟೆ. ಅವರು ಕೊಡೆ ಬಿಚ್ಚಿ ಹೊರಟುಹೋದರು. ನಾನು ವಿವೇಕವೆಂದುಕೊಂಡದ್ದು ಬರಿಯ ಅಂಜಿಕೆಯಾಗಿತ್ತೇ ಎಂಬ ಪ್ರಶ್ನೆ ಮಾತ್ರ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಕಂಡವರೇ ಉಳಿದಿಲ್ಲದ ದುರಂತವನ್ನು ಚಿತ್ರಿಸುವ ಅಧಿಕಾರ ಯಾರಿಗಿದೆ? ಕ್ಯಾಮೆರಾ "ಹೀಗಿತ್ತು" ಎಂದು ಸಾಕ್ಷಿ ನುಡಿಯುತ್ತದೆ. ಕುಂಚಕ್ಕೆ ಆ ಹಕ್ಕಿಲ್ಲ. "ನನಗೆ ಹೀಗೆ ತೋರಿತು" ಎಂದಷ್ಟೇ ಅದು ಹೇಳಬಲ್ಲದು. ಅದರ ಪ್ರಾಮಾಣಿಕತೆಯೂ ಅಲ್ಲಿಯೇ ಇದೆ. ರಷ್ಯದ ಅಲೆಕ್ಸಾಂಡರ್ ಪೆತ್ರೋವ್ 1999ರಲ್ಲಿ ಹೆಮಿಂಗ್ವೆಯ ಮುದುಕ ಬೆಸ್ತನ ಕಥೆಯನ್ನು ಅನಿಮೇಷನ್ ಚಿತ್ರವಾಗಿಸಿದ. ಗಾಜಿನ ಮೇಲೆ ಬೆರಳ ತುದಿಯಿಂದ ಎಣ್ಣೆಬಣ್ಣ ಹಚ್ಚುವುದು, ಒಂದು ಫೋಟೋ ತೆಗೆಯುವುದು, ಬಣ್ಣ ಆರುವ ಮೊದಲೇ ತಿದ್ದಿ ಮುಂದಿನ ಚಿತ್ರ ಮಾಡುವುದು. ಇಪ್ಪತ್ತು ನಿಮಿಷದ ಚಿತ್ರಕ್ಕೆ ಹೀಗೆ ಸುಮಾರು 29,000 ಚಿತ್ರಗಳು! ಹಿಂದಿನದು ಅಳಿಯದೆ ಮುಂದಿನದಿಲ್ಲ. ಅಳಿದದ್ದರ ಕಲೆ ಮಾತ್ರ ಗಾಜಿನಲ್ಲಿ ಉಳಿಯುತ್ತದೆ. ನಮ್ಮ ನೆನಪಿನ ರೀತಿಯೂ ಇದೇ ಅಲ್ಲವೇ? ಅಜ್ಜಿಯ ಮುಖವನ್ನು ನೆನೆದಾಗಲೆಲ್ಲ ನಾವು ಅದನ್ನು ಒರಸಿ ಹೊಸದಾಗಿ ಬರೆಯುತ್ತಿರುತ್ತೇವೆ.

ಕರಾವಳಿಯವರಿಗೆ ಇದು ತೀರ ಅಪರಿಚಿತವಲ್ಲ. ನಮ್ಮ ಹಳೆಯ ದೇವಸ್ಥಾನಗಳ ಕಾವಿ ಚಿತ್ರಗಳನ್ನು ನೋಡಿ. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಬಳಿದು, ಹಸಿಯಿರುವಾಗಲೇ ಮೊನೆಯಿಂದ ಕೆರೆದರೆ ಅಡಿಯ ಬಿಳುಪು ಚಿತ್ರವಾಗಿ ಮೂಡುತ್ತದೆ. ತೆಗೆದದ್ದರಿಂದಲೇ ಮೂಡುವ ಚಿತ್ರವದು. ಜೀರ್ಣೋದ್ಧಾರದ ಹೆಸರಿನಲ್ಲಿ ಅಂಥ ಎಷ್ಟೋ ಗೋಡೆಗಳು ಕೆಡವಲ್ಪಟ್ಟವು. ಹೊನ್ನಾವರದಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರು (1934–2002) ಈ ಕಲೆಯನ್ನು ಹುಡುಕಿ ದಾಖಲಿಸದಿದ್ದರೆ ಕಳಕೊಂಡದ್ದೇನೆಂಬುದೂ ನಮಗೆ ತಿಳಿಯುತ್ತಿರಲಿಲ್ಲ.

ಆದರೆ ಸುಟ್ಟ ಊರನ್ನು ಸುಂದರವಾಗಿ ಬರೆಯುವುದು ಸರಿಯೇ? ಶೋಕವು ಕಾವ್ಯದಲ್ಲಿ ಕರುಣರಸವಾಗಿ ಆಸ್ವಾದ್ಯವಾಗುತ್ತದೆಂದು ನಮ್ಮ ಆಲಂಕಾರಿಕರು ಹೇಳಿದರು. ನಾನೂ ತರಗತಿಯಲ್ಲಿ ಪ್ರತಿವರ್ಷ ಹೇಳುತ್ತೇನೆ. ಆ ಶೋಕ ನೆರೆಮನೆಯವರದಾದರೆ? ಒಂದು ಮುಖವನ್ನು ನೂರು ಸಲ ಬರೆಯುವ ಕೈಯಲ್ಲಿ ದ್ವೇಷ ತಾನಾಗಿಯೇ ಕರಗೀತೆಂದು ನಾನು ನಂಬಲು ಹೊರಟಿದ್ದೆ. ಚರಿತ್ರೆ ಹಾಗೆ ಹೇಳುವುದಿಲ್ಲ. 1915ರ ಮೇ 7ರಂದು ಜರ್ಮನ್ ಜಲಾಂತರ್ಗಾಮಿಯ ಏಟಿಗೆ ಲುಸಿಟೇನಿಯಾ ಹಡಗು ಮುಳುಗಿ ಸುಮಾರು 1,200 ಜನ ಸತ್ತರು. ಅದನ್ನು ಸೆರೆಹಿಡಿಯಲು ಅಲ್ಲಿ ಕ್ಯಾಮೆರಾ ಇರಲಿಲ್ಲ. ಅಮೆರಿಕದ ವಿನ್ಸರ್ ಮೆಕೇ ಸುಮಾರು 25,000 ಚಿತ್ರ ಬರೆದು 1918ರಲ್ಲಿ ಆ ದೃಶ್ಯವನ್ನು ತೆರೆಗೆ ತಂದ. ಹೊಗೆ, ಅಲೆ, ನೀರಿಗೆ ಧುಮುಕುವ ಜನ, ಎಲ್ಲವೂ ಇಂದಿಗೂ ಮೈನಡುಗಿಸುತ್ತವೆ. ಆದರೆ ಆ ಚಿತ್ರ ಮುಗಿಯುವುದು ಹಗೆಯನ್ನು ಬಿತ್ತುವ ಮಾತಿನಿಂದ. ಅಷ್ಟು ದಿನದ ತಾಳ್ಮೆಯೂ ಆ ಹಗೆಯನ್ನು ತಣಿಸಲಿಲ್ಲ.

ಹಾಗಾದರೆ ಕೈಯ ಶ್ರಮವೊಂದೇ ಸಾಲದು. ಏನನ್ನು ಬರೆಯುತ್ತೇವೆ, ಯಾರನ್ನು ಬಿಡುತ್ತೇವೆ ಎಂಬುದೂ ಮುಖ್ಯ. 1542ರ ಭಟ್ಕಳ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಡುತ್ತಿದ್ದ ಬಂದರು. ಹೊರ್ಮುಜಿನ ಕುದುರೆಗಳು ಬಂದಿಳಿಯುತ್ತಿದ್ದ ಪೇಟೆ. ಅಲ್ಲಿ ಹಿಂದೂ, ಜೈನ, ಮುಸಲ್ಮಾನ ವರ್ತಕರೆಲ್ಲ ಇದ್ದರು. ಸುಡುವ ಬೆಂಕಿ ಯಾರ ಅಂಗಡಿಯೆಂದು ಕೇಳುವುದಿಲ್ಲ. ಇದನ್ನು ಬರೆಯಬೇಡಿರೆಂದು ಮಕ್ಕಳನ್ನು ತಡೆದ ನಾನು, ನನ್ನ ಬಾಲ್ಯದ ಆ ತಗ್ಗಿದ ದನಿಯನ್ನೇ ಅವರಿಗೂ ದಾಟಿಸಿದೆನಲ್ಲ! ಮೌನದಲ್ಲಿ ನೆನಪು ಸಾಯುವುದಿಲ್ಲ, ಅದು ಗುಸುಗುಸುವಾಗುತ್ತದೆ. ತಿದ್ದಲು ಗುಸುಗುಸುವಿಗೆ ರೂಪವೇ ಇಲ್ಲ. ಚಿತ್ರವನ್ನಾದರೆ ಎದುರಿಗಿಟ್ಟುಕೊಂಡು, "ಇಲ್ಲಿ ತಪ್ಪಿದ್ದೀರಿ" ಎಂದು ಯಾರಾದರೂ ಹೇಳಬಹುದು.

ಮೊನ್ನೆ ಆ ನಾಲ್ವರನ್ನೂ ಮತ್ತೆ ಕರೆದೆ. ತಪ್ಪು ನನ್ನದೆಂದು ಒಪ್ಪಿಕೊಂಡೆ. ಒಂದೇ ಒಂದು ಮಾತು ಹೇಳಿದೆ: ಬೆಂಕಿಯಿಂದ ಆರಂಭಿಸಬೇಡಿ, ಅದರ ಹಿಂದಿನ ದಿನದ ಪೇಟೆಯನ್ನು ಮೊದಲು ಬರೆಯಿರಿ, ಏನು ಸುಟ್ಟುಹೋಯಿತೆಂಬುದು ತಿಳಿಯಬೇಕಲ್ಲ. ಭಟ್ಕಳದ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಪೇಟೆಯಲ್ಲಿ ತುಂಬ ಜನ ಇರುತ್ತಾರೆ ಸರ್, ಬಹಳ ದಿನ ಹಿಡಿಯುತ್ತದೆ" ಎಂದಳು.

ಹಿಡಿಯಲಿ ಎಂದೆ.